ಒಳಗಣ್ಣಿನ ಗಣಿತಜ್ಞ ಆಯ್ಲರ್

ಚದುರಂಗದ ಮಣೆಯ ಮೊದಲನೆಯ ಮನೆಯಲ್ಲಿ ಒಂದು ಕಾಳು, ಎರಡನೆಯ ಮನೆಯಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ನಾಲ್ಕನೆಯದರಲ್ಲಿ ಎಂಟು, ಹೀಗೆ ಮನೆಯಿಂದ ಮನೆಗೆ ಇಮ್ಮಡಿಯಾಗುವಂತೆ ಧಾನ್ಯವನ್ನು ಬೇಡಿದ ಜಾಣನೊಬ್ಬನ ಕಥೆಯನ್ನು ನಮ್ಮಲ್ಲಿ ಕೇಳದವರು ವಿರಳ. ಕೊಡುತ್ತೇನೆಂದು ಮಾತು ಕೊಟ್ಟ ಅರಸನ ಕಣಜ ಅರುವತ್ತನಾಲ್ಕನೆಯ ಮನೆಯನ್ನು ಮುಟ್ಟುವ ಬಹಳ ಮುಂಚೆಯೇ ಬರಿದಾಯಿತು. ನಾವು ಅಷ್ಟು ದೂರ ಹೋಗುವುದು ಬೇಡ. ಮೂವತ್ತೊಂದನೆಯ ಮನೆಯಲ್ಲಿ ನಿಂತು ಅಲ್ಲಿಯವರೆಗೆ ಇಟ್ಟ ಕಾಳುಗಳನ್ನೆಲ್ಲ ಕೂಡಿದರೆ ಬರುವ ಮೊತ್ತ 2,14,74,83,647. ಎಂದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. 2ರ 31ನೆಯ ಘಾತದಿಂದ ಒಂದನ್ನು ಕಳೆದರೂ ಇದೇ ಸಂಖ್ಯೆ ದೊರೆಯುತ್ತದೆ.

ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಬೇರೊಂದು ಸಂಖ್ಯೆ ಇದೆಯೆ? ಇದು ಬೆಸಸಂಖ್ಯೆಯಾದುದರಿಂದ ಎರಡರಿಂದ ಭಾಗವಾಗದು. ಇದರ ಅಂಕಿಗಳ ಮೊತ್ತ 46; ಆದುದರಿಂದ ಮೂರರಿಂದಲೂ ಭಾಗವಾಗದು. ಕೊನೆಯ ಅಂಕಿ ಸೊನ್ನೆಯೂ ಅಲ್ಲ, ಐದೂ ಅಲ್ಲ. ಆದುದರಿಂದ ಐದು ಕೂಡ ಇದರ ಭಾಜಕವಲ್ಲ. ಮುಂದೆ ಏಳು, ಹನ್ನೊಂದು, ಹದಿಮೂರು... ಈ ಪರೀಕ್ಷೆ ಎಲ್ಲಿಗೆ ಮುಗಿಯುತ್ತದೆ? ಯಂತ್ರಗಳ ನೆರವಿಲ್ಲದ ಕಾಲದಲ್ಲಿ ಇದು ಸಾಮಾನ್ಯರ ಎದೆಗುಂದಿಸುವ ಕೆಲಸವಾಗಿತ್ತು. 1772ರಲ್ಲಿ ಈ ಪ್ರಶ್ನೆಗೆ ಕೊನೆಯ ಉತ್ತರವನ್ನು ಕೊಟ್ಟವನು ಅರುವತ್ತೈದು ವರ್ಷದ ಒಬ್ಬ ವೃದ್ಧ. ಅವನು ಆಗ ಹೆಚ್ಚುಕಡಿಮೆ ಸಂಪೂರ್ಣವಾಗಿ ಕುರುಡನಾಗಿದ್ದನು. ಅವನೇ ಲಿಯೋನಾರ್ಡ್ ಆಯ್ಲರ್.

ಆಯ್ಲರನು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1707ರ ಏಪ್ರಿಲ್ 15ರಂದು ಜನಿಸಿದನು. ತಂದೆ ಪಾಲ್ ಆಯ್ಲರ್ ಕ್ರೈಸ್ತ ಧರ್ಮೋಪದೇಶಕ. ತಾಯಿ ಮಾರ್ಗರೆಟಾ ಕೂಡ ಅಂತಹುದೇ ಮನೆತನದವಳು. ಬಾಲಕನ ಎಳೆಯ ದಿನಗಳು ಬಾಸೆಲ್‌ಗೆ ಸಮೀಪದ ರೀಹೆನ್ ಎಂಬ ಹಳ್ಳಿಯಲ್ಲಿ ಕಳೆದುವು. ತಂದೆಯು ತನ್ನ ವಿದ್ಯಾರ್ಥಿದೆಸೆಯಲ್ಲಿ ಯಾಕೋಬ್ ಬರ್ನೂಲಿ ಎಂಬ ಪ್ರಸಿದ್ಧ ಗಣಿತಜ್ಞನ ಪಾಠಗಳನ್ನು ಕೇಳಿದ್ದವನು. ಮಗನಿಗೆ ಮೊದಲ ಗಣಿತದ ಪಾಠ ಹೇಳಿಕೊಟ್ಟವನು ಅವನೇ. ಆದರೆ ಮಗನು ತನ್ನಂತೆಯೇ ಧರ್ಮೋಪದೇಶಕನಾಗಬೇಕೆಂಬುದು ಅವನ ಆಸೆಯಾಗಿತ್ತು.

ಹದಿಮೂರನೆಯ ವಯಸ್ಸಿನಲ್ಲಿ ಆಯ್ಲರನು ಬಾಸೆಲ್ ವಿಶ್ವವಿದ್ಯಾಲಯವನ್ನು ಸೇರಿದನು. ಅಲ್ಲಿ ಯಾಕೋಬನ ತಮ್ಮನಾದ ಯೋಹಾನ್ ಬರ್ನೂಲಿ ಗಣಿತದ ಪ್ರಾಧ್ಯಾಪಕನಾಗಿದ್ದನು. ಅವನು ಬೇರೆಯಾಗಿ ಪಾಠ ಹೇಳಲು ಬಿಡುವಿಲ್ಲದವನು, ಸ್ವಭಾವದಲ್ಲಿಯೂ ಬಿರುಸು. ಆದರೂ ಹುಡುಗನ ಹಂಬಲವನ್ನು ಕಂಡು, ಕಠಿಣವಾದ ಗ್ರಂಥಗಳನ್ನು ತಾನಾಗಿಯೇ ಓದಿಕೊಳ್ಳುವಂತೆಯೂ ಅರ್ಥವಾಗದ ಭಾಗಗಳನ್ನು ಶನಿವಾರದ ಮಧ್ಯಾಹ್ನ ತನ್ನ ಬಳಿ ತರುವಂತೆಯೂ ಅಪ್ಪಣೆ ಕೊಟ್ಟನು. ಗುರುವಿನ ಸಮಯವನ್ನು ಸಣ್ಣಪುಟ್ಟ ಸಂದೇಹಗಳಿಗಾಗಿ ಹಾಳುಮಾಡಬಾರದೆಂದು ಶಿಷ್ಯನು ವಾರವಿಡೀ ಹೆಣಗಾಡಿ, ತನ್ನಿಂದ ಬಿಡಿಸಲಾಗದ ಕಗ್ಗಂಟುಗಳನ್ನಷ್ಟೇ ಹೊತ್ತುಕೊಂಡು ಹೋಗುತ್ತಿದ್ದನು. ಸ್ವಪ್ರಯತ್ನದ ಈ ಅಭ್ಯಾಸವೇ ಮುಂದೆ ಅವನ ಬಾಳಿನ ಬಂಡವಾಳವಾಯಿತು. ಕೊನೆಗೆ ಬರ್ನೂಲಿಯೇ ತಂದೆಯೊಡನೆ ಮಾತನಾಡಿ, ಈ ಹುಡುಗನು ಗಣಿತಕ್ಕಾಗಿ ಹುಟ್ಟಿದವನೆಂದು ಅವನ ಮನಸ್ಸನ್ನು ಒಪ್ಪಿಸಿದನು.

ರಷ್ಯಾದ ಚಕ್ರವರ್ತಿ ಪೀಟರ್ ಮಹಾಶಯನ ಯೋಜನೆಯಂತೆ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಆಗ ಹೊಸದಾಗಿ ಒಂದು ವಿಜ್ಞಾನ ಅಕಾಡೆಮಿ ಸ್ಥಾಪನೆಯಾಗಿತ್ತು. ಯೋಹಾನನ ಮಗನಾದ ಡೇನಿಯಲ್ ಬರ್ನೂಲಿ ಅಲ್ಲಿದ್ದನು. ಅವನ ಪ್ರಯತ್ನದಿಂದ ಆಯ್ಲರನಿಗೂ ಕರೆ ಬಂದಿತು. 1727ರಲ್ಲಿ, ಇಪ್ಪತ್ತು ವರ್ಷದ ತರುಣನಾಗಿ, ಅವನು ತಾಯ್ನಾಡನ್ನು ಬಿಟ್ಟು ಹೊರಟನು. ಮತ್ತೆ ಅಲ್ಲಿ ನೆಲಸುವ ಯೋಗ ಅವನಿಗೆ ಒದಗಲಿಲ್ಲ. ಪೀಟರ್ಸ್‌ಬರ್ಗ್‌ನಲ್ಲಿ ಅವನು 1731ರಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದನು. 1733ರಲ್ಲಿ ಡೇನಿಯಲ್ ಬರ್ನೂಲಿ ಸ್ವದೇಶಕ್ಕೆ ಮರಳಿದಾಗ ಗಣಿತದ ಪೀಠವೂ ಅವನಿಗೆ ಲಭಿಸಿತು. ಮರುವರ್ಷ ಕ್ಯಾಥರೀನಾ ಗ್ಸೆಲ್ ಎಂಬ ಚಿತ್ರಕಾರನ ಮಗಳೊಡನೆ ಅವನ ವಿವಾಹ ನೆರವೇರಿತು. ಅವರಿಗೆ ಹದಿಮೂರು ಮಕ್ಕಳು ಹುಟ್ಟಿದರು. ಬಾಲ್ಯವನ್ನು ದಾಟಿ ಉಳಿದವರು ಐವರು ಮಾತ್ರ. ಆ ಕಾಲದ ತಾಯಿತಂದೆಗಳು ಪಟ್ಟ ಪಾಡನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಪೀಟರ್ಸ್‌ಬರ್ಗ್‌ನ ಮೊದಲ ವರ್ಷಗಳಲ್ಲಿಯೇ ಆಯ್ಲರನ ಮನಸ್ಸು ಪೂರ್ಣ ಸಂಖ್ಯೆಗಳ ಕಡೆಗೆ ತಿರುಗಿತು. ಗೋಲ್ಡ್‌ಬಾಖ್ ಎಂಬ ಮಿತ್ರನು ಮಾಸ್ಕೋದಿಂದ 1729ರ ಡಿಸೆಂಬರಿನಲ್ಲಿ ಬರೆದ ಒಂದು ಪತ್ರ ಇದಕ್ಕೆ ನಿಮಿತ್ತವಾಯಿತು. ಆ ಪತ್ರದ ವಿಷಯವನ್ನು ತಿಳಿಯುವ ಮೊದಲು ಸಂಖ್ಯೆಗಳ ಕೆಲವು ಜಾತಿಗಳ ಪರಿಚಯ ನಮಗೆ ಬೇಕು. ಒಂದು ಮತ್ತು ತಾನು, ಈ ಎರಡರಿಂದಲ್ಲದೆ ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ ಅವಿಭಾಜ್ಯ ಸಂಖ್ಯೆ. 2, 3, 5, 7, 11 ಮುಂತಾದುವು ಈ ಜಾತಿಗೆ ಸೇರಿದವು. 4, 6, 9, 15 ಮುಂತಾದುವು ಭಾಜ್ಯ ಸಂಖ್ಯೆಗಳು. ಗೋಡೆಗೆ ಇಟ್ಟಿಗೆ ಹೇಗೋ ಹಾಗೆ ಭಾಜ್ಯ ಸಂಖ್ಯೆಗಳಿಗೆಲ್ಲ ಅವಿಭಾಜ್ಯ ಸಂಖ್ಯೆಗಳೇ ಮೂಲದ್ರವ್ಯ. ಸಂಖ್ಯೆ ಚಿಕ್ಕದಾಗಿದ್ದರೆ ಅದರ ಜಾತಿಯನ್ನು ಬಾಯಲ್ಲಿಯೇ ಹೇಳಬಹುದು. ಅಂಕಿಗಳು ಬೆಳೆದಂತೆಲ್ಲ ಅದು ತನ್ನ ಗುಟ್ಟನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ಎಂಬ ಮಹಾಮೇಧಾವಿ ಒಂದು ಊಹೆಯನ್ನು ಮುಂದಿಟ್ಟಿದ್ದನು. 3, 5, 17, 257, 65537 ಈ ಐದೂ ಅವಿಭಾಜ್ಯ ಸಂಖ್ಯೆಗಳು. 2, 4, 16, 256, 65536 ಇವುಗಳಿಗೆ ಒಂದನ್ನು ಸೇರಿಸಿ ಅವನ್ನು ಪಡೆದಿದೆ. ಇಲ್ಲಿ ಪ್ರತಿಯೊಂದು ಸಂಖ್ಯೆಯೂ ಅದರ ಹಿಂದಿನದರ ವರ್ಗ. ಇದೇ ಕ್ರಮದಲ್ಲಿ ಮುಂದೆ ಬರುವ ಸಂಖ್ಯೆಗಳೆಲ್ಲವೂ ಅವಿಭಾಜ್ಯವೆಂಬುದು ಫರ್ಮಾನ ನಂಬಿಕೆ. ಇದು ನಿಜವೆ ಎಂಬುದೇ ಗೋಲ್ಡ್‌ಬಾಖನ ಪ್ರಶ್ನೆ. ಆರನೆಯ ಸಂಖ್ಯೆ 4,29,49,67,297. ಅದನ್ನು ಪರೀಕ್ಷಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಫರ್ಮಾನಂತಹವನು ಹೇಳಿದ ಮೇಲೆ ಪರೀಕ್ಷೆಯಾದರೂ ಏಕೆಂದು ಅನೇಕರಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

1732ರಲ್ಲಿ ಆಯ್ಲರನು ಇದರ ಉತ್ತರವನ್ನು ಅಕಾಡೆಮಿಯ ಮುಂದಿಟ್ಟನು. ಆ ಸಂಖ್ಯೆ ಅವಿಭಾಜ್ಯವಲ್ಲ; 641ರಿಂದ ಅದು ಶೇಷವಿಲ್ಲದೆ ಭಾಗವಾಗುತ್ತದೆ. ಭಾಗಲಬ್ಧ 67,00,417. ಗುಣಿಸಿ ನೋಡುವ ಯಾವ ವಿದ್ಯಾರ್ಥಿಯೂ ಇದನ್ನು ಕೆಲವೇ ನಿಮಿಷಗಳಲ್ಲಿ ಸರಿನೋಡಬಹುದು. ಆದರೆ 641ನ್ನು ಹುಡುಕಿದ್ದು ಹೇಗೆ? ಅದರ ಮರ್ಮವನ್ನು ಆಯ್ಲರನು ಮುಂದೆ ತಾನೇ ಬಿಡಿಸಿ ಬರೆದನು. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವಿದ್ದರೆ, ಆ ಭಾಜಕವನ್ನು 64ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕೆಂದು ಅವನು ತರ್ಕದಿಂದ ಸಾಧಿಸಿದನು. ಅಂತಹ ಅವಿಭಾಜ್ಯ ಸಂಖ್ಯೆಗಳು 193, 257, 449, 577, 641 ಹೀಗೆ ಸಾಗುತ್ತವೆ. ಇವುಗಳಲ್ಲಿ ಐದನೆಯದಕ್ಕೇ ಕೋಟೆಯ ಬಾಗಿಲು ತೆರೆಯಿತು. ಬೆವರು ಸುರಿಸುವ ಮೊದಲು ಬುದ್ಧಿಯನ್ನು ಓಡಿಸಿ, ನೂರು ಕಡೆ ಅಗೆಯುವ ಬದಲು ನೀರಿರುವ ನಾಲ್ಕು ಕಡೆಗಳನ್ನು ಗುರುತಿಸುವುದು ಅವನ ರೀತಿ.

ಸಂಖ್ಯೆಗಳ ಚಿಂತನೆ ಅವನ ಕೆಲಸದ ಒಂದು ಭಾಗ ಮಾತ್ರ. ಒಂದು, ನಾಲ್ಕನೆಯ ಒಂದು, ಒಂಬತ್ತನೆಯ ಒಂದು, ಹದಿನಾರನೆಯ ಒಂದು, ಹೀಗೆ ವರ್ಗಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೊನೆಯಿಲ್ಲದೆ ಕೂಡುತ್ತ ಹೋದರೆ ಮೊತ್ತವೆಷ್ಟೆಂಬ ಪ್ರಶ್ನೆ ಬಾಸೆಲ್‌ನ ಪಂಡಿತರನ್ನು ಬಹುಕಾಲ ಕಾಡಿತ್ತು. ಪೈ ಎಂಬ ಸಂಖ್ಯೆಯ ವರ್ಗವನ್ನು ಆರರಿಂದ ಭಾಗಿಸಿದರೆ ಬರುವುದೇ ಆ ಮೊತ್ತವೆಂದು 1735ರಲ್ಲಿ ತೋರಿಸಿ ಅವನು ಯುರೋಪಿನಲ್ಲೆಲ್ಲ ಹೆಸರಾದನು. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನೂ ಒಂದೊಂದು ಸಲ ಮಾತ್ರ ದಾಟಿ ನಡೆದು ಬರುವುದು ಸಾಧ್ಯವಿಲ್ಲವೆಂದು ಸಿದ್ಧಪಡಿಸಿ, ಗಣಿತದ ಹೊಸ ಶಾಖೆಯೊಂದಕ್ಕೆ ಬೀಜ ಬಿತ್ತಿದನು. ಭಾರತೀಯರು ಸೌರವರ್ಷವನ್ನು ಗಣಿಸುವ ರೀತಿಯನ್ನು ಕುರಿತು ಅವನು ಬರೆದ ಟಿಪ್ಪಣಿಯೊಂದು 1738ರಲ್ಲಿ ಅಚ್ಚಾಯಿತೆಂಬುದು ನಮಗೆ ಕುತೂಹಲದ ಸಂಗತಿ. ಇಂದು ನಾವು ಗಣಿತದಲ್ಲಿ ಬಳಸುವ ಅನೇಕ ಸಂಕೇತಗಳು ಅವನು ತಂದವು, ಇಲ್ಲವೆ ಅವನ ಬಳಕೆಯಿಂದ ರೂಢಿಗೆ ಬಂದವು.

ಅದೇ 1738ರಲ್ಲಿ ಆಯ್ಲರನ ಬಲಗಣ್ಣಿನ ದೃಷ್ಟಿ ಹೋಯಿತು. ಭೂಪಟ ರಚನೆಗಾಗಿ ಪಟ್ಟ ಅತಿಶ್ರಮವೇ ಇದಕ್ಕೆ ಕಾರಣವೆಂದು ಅವನು ತಿಳಿದಿದ್ದನು. ಮೂರು ವರ್ಷ ಮೊದಲು ಅವನನ್ನು ಸಾವಿನ ಬಾಗಿಲಿಗೆ ಒಯ್ದಿದ್ದ ಜ್ವರದ ಫಲವಿದೆಂದು ಹೇಳುವವರೂ ಇದ್ದಾರೆ. ಕಾರಣವೇನೇ ಇರಲಿ, ಅವನು ಕೆಲಸವನ್ನು ಒಂದು ದಿನವೂ ತಗ್ಗಿಸಲಿಲ್ಲ. ಒಂದು ಕಣ್ಣು ಹೋದುದರಿಂದ ಇನ್ನು ತನ್ನ ಗಮನ ಅತ್ತಿತ್ತ ಹರಿಯುವುದು ಕಡಿಮೆಯಾಗುತ್ತದೆಂದು ಅವನು ನಗುತ್ತ ಆಡಿಕೊಂಡನೆಂದು ಪ್ರತೀತಿ.

1741ರಲ್ಲಿ ಪ್ರಷ್ಯದ ದೊರೆ ಫ್ರೆಡರಿಕನ ಆಹ್ವಾನದ ಮೇರೆಗೆ ಆಯ್ಲರನು ಬರ್ಲಿನ್ನಿಗೆ ತೆರಳಿದನು. ಅಲ್ಲಿ ಅವನು ಕಳೆದ ಇಪ್ಪತ್ತೈದು ವರ್ಷಗಳು ಫಲವತ್ತಾದ ವರ್ಷಗಳು; ಆದರೆ ಸುಖದ ವರ್ಷಗಳೆಂದು ಹೇಳಲಾಗದು. ದೊರೆಗೆ ಬೇಕಾದುದು ಮಾತಿನ ಮಲ್ಲರು, ಫ್ರೆಂಚ್ ನಾಗರಿಕತೆಯ ಬೆಡಗಿನವರು. ಆಯ್ಲರನಾದರೋ ಸರಳ, ದೈವಭಕ್ತ, ಆಸ್ಥಾನದ ಮಾತುಗಾರಿಕೆ ಅರಿಯದವನು. ದೊರೆಯು ಅವನ ಒಂದೇ ಕಣ್ಣನ್ನು ಹಿಡಿದು ಹಾಸ್ಯಮಾಡುವುದಕ್ಕೂ ಹಿಂಜರಿಯಲಿಲ್ಲ. ಆಯ್ಲರನು ಅದನ್ನು ನುಂಗಿಕೊಂಡು ತನ್ನ ಬರಹವನ್ನು ಮುಂದುವರಿಸಿದನು.

ಬರ್ಲಿನ್ನಿನಲ್ಲಿದ್ದಾಗ ಅವನು ಸಂಖ್ಯೆಗಳ ಇನ್ನೆರಡು ಹಳೆಯ ಜಾತಿಗಳನ್ನು ಕೈಗೆತ್ತಿಕೊಂಡನು. ಮೊದಲನೆಯದು ಮಿತ್ರ ಸಂಖ್ಯೆಗಳು. 220ನ್ನು ಭಾಗಿಸುವ, ಅದಕ್ಕಿಂತ ಚಿಕ್ಕವಾದ ಸಂಖ್ಯೆಗಳನ್ನೆಲ್ಲ ಕೂಡಿದರೆ 284 ಬರುತ್ತದೆ. 284ರ ಅಂತಹ ಭಾಜಕಗಳನ್ನು ಕೂಡಿದರೆ 220 ಬರುತ್ತದೆ. ಒಂದರ ಒಡಲಲ್ಲಿ ಇನ್ನೊಂದು ಅಡಗಿರುವ ಈ ಜೋಡಿಯನ್ನು ಪ್ರಾಚೀನರು ಸ್ನೇಹದ ಕುರುಹೆಂದು ಭಾವಿಸಿದ್ದರು. ಆಯ್ಲರನ ಕಾಲಕ್ಕೆ ಯುರೋಪಿನಲ್ಲಿ ಇಂತಹ ಮೂರೇ ಜೋಡಿಗಳು ತಿಳಿದಿದ್ದುವು. ಅವನೊಬ್ಬನೇ ಸುಮಾರು ಅರುವತ್ತು ಜೋಡಿಗಳನ್ನು ಕಂಡುಹಿಡಿದನು.

ಎರಡನೆಯದು ಪರಿಪೂರ್ಣ ಸಂಖ್ಯೆಗಳು. 6ಕ್ಕಿಂತ ಚಿಕ್ಕವಾದ ಅದರ ಭಾಜಕಗಳು 1, 2, 3. ಅವುಗಳ ಮೊತ್ತ 6. 28ರ ಭಾಜಕಗಳು 1, 2, 4, 7, 14, ಮೊತ್ತ 28. ಹೀಗೆ ತನ್ನ ಭಾಜಕಗಳ ಮೊತ್ತಕ್ಕೆ ತಾನೇ ಸಮನಾದುದು ಪರಿಪೂರ್ಣ ಸಂಖ್ಯೆ. ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಯೂಕ್ಲಿಡನು ಇವನ್ನು ಪಡೆಯುವ ಒಂದು ಸೂತ್ರವನ್ನು ಕೊಟ್ಟಿದ್ದನು. ಎರಡರ ಯಾವುದೇ ಘಾತದಿಂದ ಒಂದನ್ನು ಕಳೆದಾಗ ಅವಿಭಾಜ್ಯ ಸಂಖ್ಯೆ ಬಂದರೆ, ಅದನ್ನು ಆ ಘಾತದ ಅರ್ಧದಿಂದ ಗುಣಿಸಬೇಕು. 2 × 3 = 6; 4 × 7 = 28; 16 × 31 = 496; 64 × 127 = 8128. ಸಮಸಂಖ್ಯೆಗಳಲ್ಲಿ ಪರಿಪೂರ್ಣವಾದುವು ಈ ಸೂತ್ರದಿಂದಲ್ಲದೆ ಬೇರೆ ದಾರಿಯಿಂದ ಬರುವುದೇ ಸಾಧ್ಯವಿಲ್ಲವೆಂದು ಎರಡು ಸಾವಿರ ವರ್ಷಗಳ ನಂತರ ಸಿದ್ಧಪಡಿಸಿದವನು ಆಯ್ಲರ್. ಆದುದರಿಂದ ಪರಿಪೂರ್ಣ ಸಂಖ್ಯೆಗಳ ಹುಡುಕಾಟವೆಂದರೆ, ಎರಡರ ಘಾತಕ್ಕಿಂತ ಒಂದು ಕಡಿಮೆಯಾದ ಅವಿಭಾಜ್ಯ ಸಂಖ್ಯೆಗಳ ಹುಡುಕಾಟವೇ ಆಯಿತು. ನಾವು ಆರಂಭದಲ್ಲಿ ಕಂಡ ಸಂಖ್ಯೆಯ ಮಹತ್ವ ಇಲ್ಲಿದೆ.

ಈ ಬಗೆಯ ಸಂಖ್ಯೆಗಳಿಗೆ ಇಂದು ಮರ್ಸೆನ್ ಸಂಖ್ಯೆಗಳೆಂದು ಹೆಸರು. ಘಾತಾಂಕವು ಭಾಜ್ಯವಾಗಿದ್ದರೆ ಸಂಖ್ಯೆಯೂ ಭಾಜ್ಯವೇ. ಘಾತಾಂಕವು ಅವಿಭಾಜ್ಯವಾಗಿದ್ದರೆ ಸಂಖ್ಯೆಯೂ ಅವಿಭಾಜ್ಯವಾಗಬಹುದು, ಆಗಲೇಬೇಕೆಂದಿಲ್ಲ. ಘಾತಾಂಕ 11 ಆದಾಗ ಬರುವ 2047 ಎಂಬುದು 23 ಮತ್ತು 89ರ ಗುಣಲಬ್ಧ. ಇಟಲಿಯ ಕಟಾಲ್ಡಿಯು 1588ರಲ್ಲಿ 17 ಮತ್ತು 19 ಎಂಬ ಘಾತಾಂಕಗಳಿಗೆ ಅವಿಭಾಜ್ಯ ಸಂಖ್ಯೆಗಳು ಬರುತ್ತವೆಂದು ಸರಿಯಾಗಿ ತೋರಿಸಿದನು. ಆದರೆ 23, 29, 31, 37 ಇವುಗಳಿಗೂ ಹಾಗೆಯೇ ಎಂದು ಅವನು ತಿಳಿದಿದ್ದನು. ಇವುಗಳಲ್ಲಿ 23 ಮತ್ತು 37 ತಪ್ಪೆಂದು ಫರ್ಮಾ ತೋರಿಸಿದನು. 29 ತಪ್ಪೆಂದು ಆಯ್ಲರನೇ 1738ರಲ್ಲಿ ತೋರಿಸಿದನು. ಮರ್ಸೆನ್ ಎಂಬ ಫ್ರೆಂಚ್ ಸಂನ್ಯಾಸಿಯು 1644ರಲ್ಲಿ ಒಂದು ಪಟ್ಟಿಯನ್ನು ಪ್ರಕಟಿಸಿ ಅದರಲ್ಲಿ 31ನ್ನು ಸೇರಿಸಿದ್ದನು. ಆದರೆ ಪಟ್ಟಿಯಲ್ಲಿ ಸೇರಿಸಿದ ಮಾತ್ರಕ್ಕೆ ಅದು ಸಾಧಿತವಾದಂತಲ್ಲ. 31ರ ಪ್ರಶ್ನೆ ಹಾಗೆಯೇ ಉಳಿದಿತ್ತು.

1766ರಲ್ಲಿ, ರಾಣಿ ಎರಡನೆಯ ಕ್ಯಾಥರೀನಳ ಕರೆಗೆ ಓಗೊಟ್ಟು, ಆಯ್ಲರನು ಪೀಟರ್ಸ್‌ಬರ್ಗ್‌ಗೆ ಹಿಂದಿರುಗಿದನು. ಆಗ ಅವನಿಗೆ ಐವತ್ತೊಂಬತ್ತು ವರ್ಷ. ಬಂದ ಸ್ವಲ್ಪ ಕಾಲದಲ್ಲಿಯೇ ಉಳಿದಿದ್ದ ಎಡಗಣ್ಣಿಗೂ ಪೊರೆ ಬೆಳೆಯಿತು. ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದ ದಪ್ಪ ಅಕ್ಷರಗಳಷ್ಟೇ ಕಾಣುವಂತಾಯಿತು. 1771ರಲ್ಲಿ ಆಪತ್ತುಗಳು ಒಂದರ ಮೇಲೊಂದು ಬಂದುವು. ನಗರದಲ್ಲಿ ಎದ್ದ ಬೆಂಕಿ ಅವನ ಮನೆಯನ್ನೂ ಸುಟ್ಟಿತು. ಪೀಟರ್ ಗ್ರಿಮ್ ಎಂಬ ಬಾಸೆಲ್ ಮೂಲದ ಕುಶಲಕರ್ಮಿಯೊಬ್ಬನು ಉರಿಯ ನಡುವೆ ನುಗ್ಗಿ, ಕಣ್ಣು ಕಾಣದ ವೃದ್ಧನನ್ನು ಹೆಗಲ ಮೇಲೆ ಹೊತ್ತು ಹೊರಕ್ಕೆ ತಂದನು. ಪುಸ್ತಕಗಳೂ ಸಾಮಾನುಗಳೂ ಸುಟ್ಟುಹೋದುವು; ಹಸ್ತಪ್ರತಿಗಳಲ್ಲಿ ಹೆಚ್ಚಿನವು ಉಳಿದುವು. ಅದೇ ವರ್ಷ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಕೆಲವು ದಿನ ಬೆಳಕು ಕಂಡಿತು. ಆಮೇಲೆ ಕಣ್ಣು ಕೀತು, ತಡೆಯಲಾರದ ನೋವನ್ನು ಕೊಟ್ಟು, ಆ ಬೆಳಕನ್ನೂ ಒಯ್ದಿತು.

ಬೇರೆಯವನಾಗಿದ್ದರೆ ಅಲ್ಲಿಗೆ ಲೇಖನಿಯನ್ನು ಕೆಳಗಿಟ್ಟು ದೇವರ ಧ್ಯಾನದಲ್ಲಿ ಕಾಲ ಕಳೆಯುತ್ತಿದ್ದನೇನೋ. ಆಯ್ಲರನ ದುಡಿಮೆಯಾದರೋ ಕತ್ತಲೆಯಲ್ಲಿ ಇಮ್ಮಡಿಯಾಯಿತು. ಅವನು ಬಾಯಲ್ಲಿ ಹೇಳುತ್ತಿದ್ದನು. ಮಗ ಯೋಹಾನ್ ಆಲ್ಬ್ರೆಕ್ಟನೂ ಕ್ರಾಫ್ಟ್, ಲೆಕ್ಸೆಲ್, ಫುಸ್ ಮೊದಲಾದ ಶಿಷ್ಯರೂ ಬರೆದುಕೊಳ್ಳುತ್ತಿದ್ದರು. ಬೀಜಗಣಿತವನ್ನು ಕುರಿತ ಅವನ ಪ್ರಸಿದ್ಧ ಗ್ರಂಥವನ್ನು ಬರೆದುಕೊಂಡವನು ಗಣಿತವನ್ನು ಹೆಚ್ಚಾಗಿ ಅರಿಯದ ಒಬ್ಬ ಸೇವಕ. ಪುಸ್ತಕ ಮುಗಿಯುವ ಹೊತ್ತಿಗೆ ಅವನೂ ಬೀಜಗಣಿತವನ್ನು ಕಲಿತಿದ್ದನೆಂದು ಹೇಳುತ್ತಾರೆ. ಆ ಗ್ರಂಥದಲ್ಲಿ ಬರುವ ಒಂದು ಬಗೆಯ ಸಮೀಕರಣವನ್ನು ನಮ್ಮ ಭಾಸ್ಕರಾಚಾರ್ಯನು ಹನ್ನೆರಡನೆಯ ಶತಮಾನದಲ್ಲಿಯೇ ಚಕ್ರವಾಳವೆಂಬ ವಿಧಾನದಿಂದ ಬಿಡಿಸಿದ್ದನು. ಆಯ್ಲರನಿಗೆ ಆ ವಿಷಯ ತಿಳಿದಿರಲಿಲ್ಲ. ಕಾಲ ದೇಶಗಳ ಅಂತರವನ್ನು ಮೀರಿ ಇಬ್ಬರು ಮಹಾನುಭಾವರ ಬುದ್ಧಿ ಒಂದೇ ಸಮಸ್ಯೆಯಲ್ಲಿ ಸಂಧಿಸಿದುದು ಗಮನಾರ್ಹ.

ಅವನ ಜ್ಞಾಪಕಶಕ್ತಿ ಅಸಾಧಾರಣವಾದುದು. ವರ್ಜಿಲ್ ಕವಿಯ ಈನಿಯಡ್ ಮಹಾಕಾವ್ಯವನ್ನು ಅವನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠವಾಗಿ ಹೇಳಬಲ್ಲವನಾಗಿದ್ದನು. ಇಬ್ಬರು ಶಿಷ್ಯರು ಉದ್ದವಾದ ಒಂದು ಲೆಕ್ಕವನ್ನು ಮಾಡಿ, ಐವತ್ತನೆಯ ಅಂಕಿಯಲ್ಲಿ ಭಿನ್ನರಾದಾಗ, ಆಯ್ಲರನು ಮನಸ್ಸಿನಲ್ಲಿಯೇ ಲೆಕ್ಕವನ್ನು ಮಾಡಿ ಯಾರದು ಸರಿಯೆಂದು ತೀರ್ಪಿತ್ತನೆಂಬ ಕಥೆಯೂ ಇದೆ.

ಇಂತಹ ದಿನಗಳಲ್ಲಿಯೇ ಅವನು 31ರ ಪ್ರಶ್ನೆಗೆ ಉತ್ತರವನ್ನು ಮುಟ್ಟಿಸಿದನು. ಒಂದು ಸಂಖ್ಯೆಯು ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ, ಅವೆರಡೂ ಅದರ ವರ್ಗಮೂಲಕ್ಕಿಂತ ದೊಡ್ಡವಾಗಿರುವುದು ಸಾಧ್ಯವಿಲ್ಲ. 36ರ ಭಾಜಕಗಳನ್ನು ಜೋಡಿಜೋಡಿಯಾಗಿ ಬರೆದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪ್ರತಿಯೊಂದು ಜೋಡಿಯಲ್ಲಿಯೂ ಒಂದು ಸಂಖ್ಯೆ ಆರನ್ನು ಮೀರುವುದಿಲ್ಲ. 2,14,74,83,647ರ ವರ್ಗಮೂಲ 46,340ಕ್ಕಿಂತ ಸ್ವಲ್ಪವೇ ಹೆಚ್ಚು. ಆದುದರಿಂದ 46,340ರವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. ಆದರೆ ಅವು ನಾಲ್ಕು ಸಾವಿರದ ಏಳುನೂರಕ್ಕೂ ಹೆಚ್ಚು. ಒಂದೊಂದೂ ಹತ್ತು ಅಂಕಿಗಳ ಭಾಗಾಕಾರ. ಒಂದು ಕಡೆ ಕೈತಪ್ಪಿದರೂ ಇಡೀ ಶ್ರಮ ವ್ಯರ್ಥ.

ಆಯ್ಲರನು ಇಲ್ಲಿಯೂ ಮೊದಲು ಬುದ್ಧಿಯಿಂದ ದಾರಿಯನ್ನು ಸವರಿದನು. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವಿದ್ದರೆ ಅದನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯಲೇಬೇಕೆಂದು ಅವನು ತೋರಿಸಿದನು. 46,340ರ ಒಳಗೆ ಇಂತಹ ಸಂಖ್ಯೆಗಳು ಎರಡೂ ಸಾಲುಗಳಲ್ಲಿ ಸೇರಿ ಮುನ್ನೂರ ಎಪ್ಪತ್ತಕ್ಕೆ ತುಸು ಹೆಚ್ಚು. ಅವುಗಳಲ್ಲಿ ಅವಿಭಾಜ್ಯವಾದುವು ಇನ್ನೂ ಕಡಿಮೆ. 311, 1303, 1489 ಹೀಗೆ ಆ ಪಟ್ಟಿ ಆರಂಭವಾಗುತ್ತದೆ. ಒಂದೊಂದನ್ನೂ ಪರೀಕ್ಷಿಸಲಾಯಿತು. ಯಾವುದೂ ಶೇಷವಿಲ್ಲದೆ ಭಾಗಿಸಲಿಲ್ಲ. 2,14,74,83,647 ಅವಿಭಾಜ್ಯ ಸಂಖ್ಯೆಯೆಂದು ಸಿದ್ಧವಾಯಿತು. ಬರ್ನೂಲಿ ಮನೆತನದ ಕಿರಿಯ ಗಣಿತಜ್ಞನೊಬ್ಬನಿಗೆ ಬರೆದ ಪತ್ರದಲ್ಲಿ ಅವನು ತಿಳಿಸಿದ ಈ ಸಂಗತಿ 1772ರಲ್ಲಿ ಬೆಳಕಿಗೆ ಬಂದಿತು.

ಅಂದು ತಿಳಿದಿದ್ದ ಅವಿಭಾಜ್ಯ ಸಂಖ್ಯೆಗಳಲ್ಲೆಲ್ಲ ಇದೇ ಅತ್ಯಂತ ದೊಡ್ಡದು. ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಸ್ಥಾನ ಇದಕ್ಕೇ ಉಳಿಯಿತು. ಇದರಿಂದ ಎಂಟನೆಯ ಪರಿಪೂರ್ಣ ಸಂಖ್ಯೆ ದೊರೆಯಿತು. ಅದು ಹತ್ತೊಂಬತ್ತು ಅಂಕಿಗಳುಳ್ಳ 2305843008139952128. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಎಂದೂ ಹುಡುಕಲಾರರೆಂದು 1811ರಲ್ಲಿ ಇಂಗ್ಲೆಂಡಿನ ಬಾರ್ಲೋ ಎಂಬ ಗಣಿತಜ್ಞನು ಬರೆದನು. ಹುಡುಕಿದರೂ ಅದರಿಂದ ಪ್ರಯೋಜನವೇನೆಂಬುದು ಅವನ ಭಾವನೆ. ಆದರೆ 1876ರಲ್ಲಿ ಫ್ರಾನ್ಸಿನ ಲ್ಯೂಕಾ ಘಾತಾಂಕ 127ರ ಸಂಖ್ಯೆಯನ್ನು ಅವಿಭಾಜ್ಯವೆಂದು ತೋರಿಸಿ ಆ ಮಾತನ್ನು ಸುಳ್ಳುಮಾಡಿದನು. ಇಂದಿನ ಗಣಕಯಂತ್ರಗಳ ನೆರವಿನಿಂದ 2024ರಲ್ಲಿ ಪತ್ತೆಯಾದ ಇದೇ ಜಾತಿಯ ಅವಿಭಾಜ್ಯ ಸಂಖ್ಯೆಯೊಂದರಲ್ಲಿ ನಾಲ್ಕು ಕೋಟಿಗೂ ಮಿಕ್ಕ ಅಂಕಿಗಳಿವೆ.

ಆಯ್ಲರನ ಕೊನೆಯ ವರ್ಷಗಳು ದುಃಖವನ್ನೂ ಶಾಂತಿಯನ್ನೂ ಒಟ್ಟಿಗೆ ಕಂಡುವು. 1773ರಲ್ಲಿ ಪತ್ನಿ ತೀರಿಕೊಂಡಳು. ಮೂರು ವರ್ಷಗಳ ನಂತರ ಅವಳ ಮಲತಂಗಿಯನ್ನು ಅವನು ವಿವಾಹವಾದನು. ಮನೆಯ ತುಂಬ ಮೊಮ್ಮಕ್ಕಳು. ಅವರ ಗದ್ದಲದ ನಡುವೆಯೇ ಅವನ ಲೆಕ್ಕಗಳು ಸಾಗುತ್ತಿದ್ದುವು. 1783ರ ಸೆಪ್ಟೆಂಬರ್ 18ರಂದು ಅವನು ಆಗ ಹೊಸದಾಗಿ ಬಳಕೆಗೆ ಬಂದಿದ್ದ ಬೆಲೂನಿನ ಏರಿಕೆಯನ್ನು ಕುರಿತು ಗಣಿಸಿದನು. ಎರಡು ವರ್ಷದ ಹಿಂದೆ ಪತ್ತೆಯಾಗಿದ್ದ ಯುರೇನಸ್ ಗ್ರಹದ ಕಕ್ಷೆಯನ್ನು ಕುರಿತು ಶಿಷ್ಯರೊಡನೆ ಮಾತನಾಡಿದನು. ಆ ಸಂಜೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಕುಸಿದನು. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಯಿತು. ಅವನು ಬಿಟ್ಟುಹೋದ ಬರಹಗಳು ಎಂಟುನೂರಕ್ಕೂ ಹೆಚ್ಚು. ಅವನು ತೀರಿಕೊಂಡು ದಶಕಗಳು ಕಳೆದರೂ ಪೀಟರ್ಸ್‌ಬರ್ಗ್ ಅಕಾಡೆಮಿ ಅವನ ಅಪ್ರಕಟಿತ ಲೇಖನಗಳನ್ನು ಅಚ್ಚುಹಾಕುತ್ತಲೇ ಇದ್ದಿತು. 1911ರಲ್ಲಿ ಪ್ರಕಟವಾಗತೊಡಗಿದ ಅವನ ಸಮಗ್ರ ಕೃತಿಗಳು ಎಂಬತ್ತು ಸಂಪುಟಗಳನ್ನು ಮೀರಿವೆ.

ಇಷ್ಟು ದೊಡ್ಡವನ ದೃಷ್ಟಿಗೂ ಬೀಳದೆ ಉಳಿದುವು ಕೆಲವಿದ್ದುವು. ಮಿತ್ರ ಸಂಖ್ಯೆಗಳಲ್ಲಿ 1184 ಮತ್ತು 1210 ಎಂಬ ಪುಟ್ಟ ಜೋಡಿಯೊಂದು ಅವನ ಪಟ್ಟಿಯಲ್ಲಿರಲಿಲ್ಲ. 1866ರಲ್ಲಿ ಅದನ್ನು ಕಂಡುಹಿಡಿದವನು ಇಟಲಿಯ ನಿಕೊಲೊ ಪಗನೀನಿ ಎಂಬ ಹದಿನಾರು ವರ್ಷದ ಹುಡುಗ. ಘಾತಸಂಖ್ಯೆಗಳನ್ನು ಕುರಿತು ಆಯ್ಲರನು ಮಾಡಿದ್ದ ಒಂದು ಊಹೆಯೂ 1966ರಲ್ಲಿ ಸುಳ್ಳಾಯಿತು. 27, 84, 110, 133 ಇವುಗಳ ಐದನೆಯ ಘಾತಗಳನ್ನು ಕೂಡಿದರೆ 144ರ ಐದನೆಯ ಘಾತ ಬರುತ್ತದೆಂದು ಗಣಕಯಂತ್ರ ತೋರಿಸಿತು. ಇಂತಹ ಮೊತ್ತಕ್ಕೆ ಐದು ಘಾತಗಳಾದರೂ ಬೇಕೆಂದು ಆಯ್ಲರನು ಭಾವಿಸಿದ್ದನು. ಫರ್ಮಾನ ಊಹೆಯನ್ನು ಆಯ್ಲರನು ಮುರಿದನು. ಆಯ್ಲರನ ಊಹೆಯನ್ನು ಮುಂದಿನವರು ಮುರಿದರು. ಗಣಿತದಲ್ಲಿ ದೊಡ್ಡವರ ಹೆಸರು ಸಾಕ್ಷಿಯಾಗಲಾರದು; ಸಾಧನೆಯೊಂದೇ ಸಾಕ್ಷಿ. ಬೆಸಸಂಖ್ಯೆಗಳಲ್ಲಿ ಪರಿಪೂರ್ಣವಾದುದು ಒಂದಾದರೂ ಇದೆಯೆ ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ದೊರೆತಿಲ್ಲ.

2,14,74,83,647 ಎಂಬ ಸಂಖ್ಯೆಯಾದರೋ ನಮ್ಮ ಕಾಲದಲ್ಲಿ ಹೊಸ ಪಾತ್ರವೊಂದನ್ನು ವಹಿಸಿದೆ. ಮೂವತ್ತೆರಡು ದ್ವಿಮಾನ ಸ್ಥಾನಗಳಲ್ಲಿ ಧನ ಋಣ ಸಂಖ್ಯೆಗಳೆರಡನ್ನೂ ಬರೆದಿಡುವ ಗಣಕಯಂತ್ರಗಳಿಗೆ ಇದೇ ಎಲ್ಲೆ; ಇದಕ್ಕಿಂತ ದೊಡ್ಡ ಪೂರ್ಣ ಸಂಖ್ಯೆ ಅಷ್ಟು ಸ್ಥಳದಲ್ಲಿ ಹಿಡಿಯದು. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸಿ ಹೊತ್ತನ್ನು ತಿಳಿಯುವ ಅಂತಹ ಹಳೆಯ ವ್ಯವಸ್ಥೆಗಳು 2038ರ ಜನವರಿ 19ರಂದು, ನಮ್ಮ ದೇಶದ ಗಡಿಯಾರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು ತೋರಿಸುವಾಗ, ಈ ಎಲ್ಲೆಯನ್ನು ಮುಟ್ಟುತ್ತವೆ. ಅಷ್ಟರಲ್ಲಿ ಅವನ್ನು ಬದಲಿಸಬೇಕಾದ ಹೊಣೆ ಇಂದಿನ ತಂತ್ರಜ್ಞರದು. ಪ್ರಯೋಜನವೇನೆಂದು ಬಾರ್ಲೋ ಸಂದೇಹಪಟ್ಟ ಆ ಸಂಖ್ಯೆ ಈಗ ಜಗತ್ತಿನ ಅಸಂಖ್ಯ ಯಂತ್ರಗಳೊಳಗೆ ಕುಳಿತಿದೆ. ಆಯ್ಲರನು ಇದಾವುದನ್ನೂ ಬಯಸಿ ದುಡಿದವನಲ್ಲ. ನಿಜವೇನೆಂದು ತಿಳಿಯುವ ಹಂಬಲವೊಂದೇ ಅವನನ್ನು ಕತ್ತಲೆಯಲ್ಲಿಯೂ ಕೈಹಿಡಿದು ನಡೆಸಿತು.